ತಿಳಿ ನೀರಲ್ಲಿ ಇಲ್ಲದ ಪಾದರಸ ಬಗ್ಗಡದಲ್ಲಿ ಸಿಕ್ತು: ನನ್ನ ಅನುಭವ

ಎಂಎಸ್ಸಿ ಪ್ರಾಜೆಕ್ಟ್‌ಗೆ ಅಂತ ನೀರು ತರೋಕೆ ಪಾಂಡವಪುರ ಕಡೆ ಇರೋ ನಮ್ಮ ಮಾವನ ಊರಿಗೆ ಹೋಗಿದ್ದೆ. ಆಗ ತಾನೇ ನಾಲೆಗೆ ನೀರು ಬಿಟ್ಟಿದ್ರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಮಳೆಗಾಲದಲ್ಲಿ ಹೆಂಗಿರುತ್ತೆ ಅಂತ ಮಂಡ್ಯದೋರಿಗೆ ಹೇಳಬೇಕಾಗಿಲ್ಲ, ಕೆಂಪಗೆ ಬಗ್ಗಡ. ನಾನು ತುಂಬಿಸ್ಕೊಳ್ತಿರೋದು ನೋಡಿ ಮಾವ ಏರಿ ಮೇಲಿಂದಲೇ, "ಅಲ್ಲ ಕಣ್ಲಾ, ಒಂದ್ ರಾತ್ರಿ ಮಡಗು, ರಾಡಿ ಎಲ್ಲಾ ತಳ ಕಚ್ಕತದೆ, ಮೇಲಿನ ತಿಳಿ ತಗಂಡೋಗಿ ಟೆಸ್ಟ್ ಮಾಡು" ಅಂದ್ರು. ನಂಗೂ ಅದು ಸರಿ ಅನ್ಸಿತ್ತು.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಾಲೇಲಿ ಪಾದರಸ ಇದೆ ಅಂತ ನಾನು ಹೇಳ್ತಿಲ್ಲ. ನೀರನ್ನ ಮೈಸೂರಿನ ಲ್ಯಾಬಿಗೆ ತಂದು ಅದಕ್ಕೆ ಪಾದರಸದ ಸ್ಟ್ಯಾಂಡರ್ಡ್ ದ್ರಾವಣ (ಎಷ್ಟು ಪಾದರಸ ಇದೆ ಅಂತ ಮೊದಲೇ ಗೊತ್ತಿರೋದು) ನಾವೇ ಹಾಕಿದ್ದು, ಲೀಟರಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಇಟ್ಟಿರೋ ಮಿತಿ 1 ಮೈಕ್ರೋಗ್ರಾಂ, ಅದರ ಹತ್ತರಷ್ಟು. ಅದು ಎಲ್ಲಿ ಹೋಗಿ ಕೂರುತ್ತೆ ಅಂತ ನೋಡೋದೇ ಪ್ರಾಜೆಕ್ಟು.

ಶುಕ್ರವಾರ ಸಾಯಂಕಾಲ ಪ್ಲಾಸ್ಟಿಕ್ ಬಾಟಲಲ್ಲಿ ಹಾಕಿ ಕುಲುಕಿ ಇಟ್ಟು ಹೋದೆ. ಸೋಮವಾರ ಬಂದ್ರೆ ನೀರು ಕನ್ನಡಿ ಥರ ತಿಳಿಯಾಗಿತ್ತು, ಮಾವ ಹೇಳಿದಂಗೇ ಮೇಲಿಂದ ಪಿಪೆಟ್‌ನಲ್ಲಿ ತಗೊಂಡು ಪಾದರಸ ಅಳೆಯೋ ಯಂತ್ರದಲ್ಲಿ ಓದಿಸಿದೆ, ಹಾಕಿದ್ದರಲ್ಲಿ ಕಾಲು ಭಾಗವೂ ಇಲ್ಲ. ಸ್ಟ್ಯಾಂಡರ್ಡೇ ಹಳೇದೇನೋ ಅಂದ್ಕೊಂಡು ಹೊಸದು ಮಾಡಿ ಮತ್ತೆ ಓದಿಸಿದೆ, ಅಷ್ಟೇ ಬಂತು. ಗೈಡ್ ಮೇಡಂ ನೋಟ್‌ಬುಕ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು, "ತಳದಲ್ಲಿರೋದನ್ನ ಅಳೆದ್ರಾ?"

ಅಳೆದಿರಲಿಲ್ಲ. ತಳದ ಮಣ್ಣನ್ನ ಆಸಿಡ್‌ನಲ್ಲಿ ಕರಗಿಸಿ ಓದಿಸಿದಾಗ ಬಹುಪಾಲು ಅಲ್ಲೇ ಕೂತಿತ್ತು. ಆದ್ರೂ ಲೆಕ್ಕ ಟ್ಯಾಲಿ ಆಗ್ಲಿಲ್ಲ. ಖಾಲಿ ಬಾಟಲನ್ನೇ ಆಸಿಡ್ ಹಾಕಿ ತೊಳೆದು ಆ ನೀರನ್ನ ಓದಿಸಿದ್ರೆ ಅದರಲ್ಲೂ ಪಾದರಸ! ಪ್ಲಾಸ್ಟಿಕ್ ಗೋಡೆಗೂ ಅಂಟಿಕೊಂಡಿತ್ತು. ಆವತ್ತಿಂದ ಸಾಮಾನ್ಯ ಪಾಲಿಥೀನ್ ಬಾಟಲನ್ನ ಈ ಕೆಲಸಕ್ಕೆ ಮುಟ್ಟಿಲ್ಲ, ಆಸಿಡ್‌ನಲ್ಲಿ ನೆನೆಸಿಟ್ಟ ಗಾಜು ಇಲ್ಲಾ ಟೆಫ್ಲಾನ್ ಮಾತ್ರ.

ಹಿಂಗ್ಯಾಕೆ ಅಂದ್ರೆ ಪಾದರಸಕ್ಕೆ ಗಂಧಕ ಕಂಡ್ರೆ ವಿಪರೀತ ಸೆಳೆತ. ಆಯುರ್ವೇದದಲ್ಲಿ ಎರಡನ್ನೂ ಕಲ್ವದಲ್ಲಿ ಅರೆದು ಕಪ್ಪು ಕಜ್ಜಲಿ ಮಾಡ್ತಾರಲ್ಲ, ಆ ಸೆಳೆತವೇ. ಕೊಳೆತ ಎಲೆ, ಪಾಚಿ ಇವುಗಳಿಂದ ಬಂದ ಸಾವಯವ ಅಂಶ ಮಣ್ಣಿನ ಕಣಗಳಿಗೆ ಮೆತ್ಕೊಂಡಿರುತ್ತೆ, ಅದರೊಳಗೆ ಗಂಧಕ ಇರೋ ಗುಂಪುಗಳು ಇರ್ತವೆ, ಪಾದರಸ ಹೋಗಿ ಅಲ್ಲಿ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ನಮ್ಮ ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡೂ ಹಿಡಿಯುತ್ತೆ. ಮೇಲಾಗಿ ಕಣ ಸಣ್ಣದಾದಷ್ಟೂ ಜಾಗ ಜಾಸ್ತಿ, ಒಂದೇ ಒಂದು ಗ್ರಾಂ ಜೇಡಿ ಕಣಗಳ ಮೈಯನ್ನ ಬಿಡಿಸಿ ಹಾಸಿದ್ರೆ ಒಂದು ರೂಮಿನ ನೆಲದಷ್ಟು ಆಗುತ್ತೆ, ಮರಳು ಅದರ ಹತ್ತಿರಕ್ಕೂ ಬರಲ್ಲ.

ಇದನ್ನ ಅಳೆಯೋಕೆ ಕೆ.ಡಿ. (Kd) ಅಂತ ಒಂದು ಸಂಖ್ಯೆ ಬಳಸ್ತೀವಿ. ಒಂದು ಕಿಲೋ ಕಣದಲ್ಲಿ ಇರೋ ಪಾದರಸವನ್ನ ಒಂದು ಲೀಟರ್ ಸೋಸಿದ ನೀರಲ್ಲಿ ಇರೋದ್ರಿಂದ ಭಾಗಿಸೋದು. ಸಿಹಿನೀರಲ್ಲಿ ಸಾಮಾನ್ಯವಾಗಿ ಇದು ಹತ್ತು ಸಾವಿರದಿಂದ ಹತ್ತು ಲಕ್ಷದವರೆಗೆ ಬರುತ್ತೆ. ಒಂದು ಲಕ್ಷ ಅಂತಾನೇ ಇಟ್ಕೊಳ್ಳಿ, ಲೀಟರಿಗೆ 10 ಮಿಲಿಗ್ರಾಂ ತೇಲೋ ಮಣ್ಣು ಇದ್ರೆ ಪಾದರಸ ಅರ್ಧ ಮಣ್ಣಲ್ಲಿ ಅರ್ಧ ನೀರಲ್ಲಿ, 100 ಮಿಲಿಗ್ರಾಂ ಇದ್ರೆ 91 ಪರ್ಸೆಂಟ್ ಮಣ್ಣಲ್ಲೇ. ಮಳೆಗಾಲದ ಬಗ್ಗಡಕ್ಕೆ 100 ಅನ್ನೋದು ದೊಡ್ಡ ಸಂಖ್ಯೆ ಏನಲ್ಲ.

ಹಂಗಂತ ಸೋಸಿದ ನೀರು ಪೂರ್ತಿ ಬರೀ ನೀರು ಅಂತಲ್ಲ. ನಾವು ಬಳಸೋ ಫಿಲ್ಟರ್ ತೂತು 0.45 ಮೈಕ್ರಾನ್, ಅದಕ್ಕಿಂತ ಸಣ್ಣ ಕಣಗಳು ನುಸುಳಿ ಹೋಗ್ತವೆ, ಕರಗಿದ ಸಾವಯವ ಅಂಶವೂ ಪಾದರಸವನ್ನ ತನ್ನ ಜೊತೆ ಇಟ್ಕೊಂಡು ದಾಟುತ್ತೆ. ಹಸಿರು ಪಾಚಿ, ಕೊಳೆತ ಎಲೆ ಇರೋ ಕೆರೆ ನೀರಲ್ಲಿ ಇದನ್ನ ಮರೀಬಾರ್ದು.

ಈಗ ನಾನು ಮಾಡೋ ರೀತಿ ಹೇಳ್ತೀನಿ. ಹೊಸ ಗ್ಲೌಸ್, ಬಾಟಲ್ ಬಾಯಿ ನೀರು ಬರೋ ದಿಕ್ಕಿಗೆ, ತಳದ ಕೆಸರು ಕಲಕದಂಗೆ ನಿಂತ್ಕೊಂಡು ತುಂಬಿಸೋದು. ಐಸ್ ಬಾಕ್ಸಲ್ಲಿ ತಂದು ಆದಷ್ಟು ಬೇಗ ಸೋಸೋದು, ಸೋಸೋ ಮುಂಚೆ ಪ್ರತಿ ಸಲ ಬಾಟಲ್ ತಲೆಕೆಳಗೆ ಮಾಡಿ ಕುಲುಕೋದು. ಎರಡು ಫಿಲ್ಟರ್ ಬೇಕೇ ಬೇಕು, ಒಂದನ್ನ 105 ಡಿಗ್ರೀಲಿ ಒಣಗಿಸಿ ಮಣ್ಣಿನ ತೂಕ ತಗೊಳ್ಳೋಕೆ, ಇನ್ನೊಂದು ಒಣಗಿಸದೇನೇ ಪಾದರಸಕ್ಕೆ. ಒಂದರಲ್ಲೇ ಮುಗಿಸೋಣ ಅಂತ ಓವನ್‌ಗೆ ಹಾಕಿದ್ರೆ ಬಿಸಿಗೆ ಪಾದರಸ ಹಾರಿ ಹೋಗಬಹುದು. ಆಮೇಲೆ ಸ್ಟ್ಯಾನಸ್ ಕ್ಲೋರೈಡ್ ಹಾಕಿ ಪಾದರಸವನ್ನ ಆವಿ ಮಾಡಿ 253.7 ನ್ಯಾನೋಮೀಟರ್ ತರಂಗಾಂತರದ ಬೆಳಕಲ್ಲಿ ಓದೋದು, ಬಹಳಷ್ಟು ಲ್ಯಾಬಲ್ಲಿ ಮಾಡೋ ರೀತಿನೇ ಅದು. ಉಳಿದ ದ್ರಾವಣ ಸಿಂಕ್‌ಗೆ ಹಾಕೋ ಹಂಗಿಲ್ಲ, ಬೇರೆ ಕ್ಯಾನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯದೋರಿಗೇ ಕೊಡಬೇಕು.

ಪ್ರಾಜೆಕ್ಟ್ ಮುಗಿದ್ಮೇಲೆ ಊರಿಗೆ ಹೋದಾಗ ಮಾವಂಗೆ ಇದೆಲ್ಲಾ ಹೇಳ್ದೆ. ಕಣ ಕೆರೆ ತಳಕ್ಕೆ ಇಳೀತು ಅಂದ್ರೆ ಕಥೆ ಮುಗೀಲಿಲ್ಲ, ಗಾಳಿ ಆಡದ ಆ ಕೆಸರಲ್ಲಿ ಬ್ಯಾಕ್ಟೀರಿಯಾಗಳು ಪಾದರಸವನ್ನ ಮಿಥೈಲ್ ಪಾದರಸ ಮಾಡ್ತವೆ, ಅದು ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ದೊಡ್ಡ ಮೀನಿಗೆ ಏರ್ತಾ ಏರ್ತಾ ಹೆಚ್ಚಾಗುತ್ತೆ, ಜಪಾನಿನ ಮಿನಾಮಾಟಾದಲ್ಲಿ ಜನ ನರಳಿದ್ದು ಮೀನು ತಿಂದೇ ಅಂತ. ಮಾವ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾರೆ ಬೇಸ್ಗೇಲಿ ಕೆರೆ ಗೋಡು ಗದ್ದೆಗೆ ಹೊಡಿತೀವಲ್ಲಾ, ಅದ್ನೂ ಟೆಸ್ಟ್ ಮಾಡಿಸ್ಬೇಕು ಅನ್ನು" ಅಂದ್ರು. ಫ್ಯಾಕ್ಟರಿದೋ ಟೌನ್ ಚರಂಡಿದೋ ನೀರು ಸೇರೋ ಕೆರೆ ಆದ್ರೆ ಮಾಡಿಸಲೇಬೇಕು ಮಾವ, ಗೋಡು ಎತ್ತೋಕೆ ಮುಂಚೆನೇ, ಅಂದೆ.