‘ಹಾಯ್ ಕೆ’ ಎಂದ ಮೇಲ್‌ಗೆ ಹತ್ತಕ್ಕೆ ಒಂಬತ್ತು

ನಮ್ಮದು ಬೆಂಗಳೂರಿನ ಒಂದು ಸಣ್ಣ ಕಂಪನಿ. ಕಾರ್ಖಾನೆಯ ಮಷೀನು ಯಾವಾಗ ಸರ್ವಿಸ್ ಆಯಿತು, ಮುಂದಿನದು ಯಾವಾಗ ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಮಾರುತ್ತೇವೆ. ಪೀಣ್ಯ, ಹೊಸೂರು, ಕೊಯಮತ್ತೂರು ಕಡೆಯ ಕಾರ್ಖಾನೆಗಳೇ ನಮ್ಮ ಗಿರಾಕಿಗಳು. ಪರಿಚಯವಿಲ್ಲದವರಿಗೆ ಮೊದಲ ಮೇಲ್ ಬರೆಯುವುದು ಸೇಲ್ಸ್‌ನವರ ಪಾಡಾಗಿತ್ತು. ಅದನ್ನು ಎಐಗೆ ಒಪ್ಪಿಸಿದೆವು. ದಿನಕ್ಕೆ ಹದಿನೈದು ಮೇಲ್ ಆಗುತ್ತಿದ್ದ ಕಡೆ ಇನ್ನೂರು ಬರತೊಡಗಿದವು. ಅಷ್ಟನ್ನೂ ಓದುವವರು ಯಾರು? ಚೆನ್ನಾಗಿರುವುದನ್ನು ಆರಿಸುವ ಒಂದು ಟೂಲ್ ಮಾಡು ಅಂತ ನನ್ನ ತಲೆಗೆ ಕಟ್ಟಿದರು.

ಮೊದಲ ಟೂಲ್ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಮೇಲ್ ಬರೆದ ಎಐ ಮಾಡೆಲ್‌ಗೇ ಅದನ್ನು ವಾಪಸ್ ಕೊಟ್ಟು, ‘ಇದಕ್ಕೆ ಹತ್ತಕ್ಕೆ ಎಷ್ಟು, ಯಾಕೆ?’ ಎಂದು ಕೇಳುವುದು. ಏಳು ದಾಟಿದರೆ ಕಳಿಸುವುದು. ಬಂದದ್ದೆಲ್ಲ ಎಂಟು, ಎಂಟೂವರೆ, ಒಂಬತ್ತು. ಮದುವೆ ಮನೆಯ ಬಾಗಿಲಲ್ಲಿ ನಿಂತು ಊಟ ಹೇಗಿತ್ತು ಅಂತ ಕೇಳಿದ ಹಾಗೆ. ಚೆನ್ನಾಗಿರಲಿಲ್ಲ ಅಂತ ಯಾರು ಹೇಳ್ತಾರೆ?

ಎರಡನೇ ವಾರ ಸೇಲ್ಸ್‌ನ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ‘ಹಾಯ್ ಕೆ’ ಅಂತ ಶುರುವಾಗಿತ್ತು ಮೇಲ್. ನಮ್ಮ ಪಟ್ಟಿಯಲ್ಲಿ ಹೆಸರಿನ ಮೊದಲು ಇನಿಷಿಯಲ್ ಇರುತ್ತದಲ್ಲ, ಮಾಡೆಲ್ ಅದನ್ನೇ ಹೆಸರು ಅಂದುಕೊಂಡಿದೆ. ಅರವತ್ತು ದಾಟಿದ ಯಜಮಾನರಿಗೆ ‘ಹಾಯ್ ಕೆ’! ಟೂಲ್ ಕೊಟ್ಟಿದ್ದು ಒಂಬತ್ತು.

ಅದಕ್ಕಿಂತ ದೊಡ್ಡದು ಮರುದಿನ ಬಂತು. ಪೀಣ್ಯದ ಒಬ್ಬ ಮಾಲೀಕರು ಫೋನ್ ಮಾಡಿದರು. ‘ಏನ್ರೀ, ಕೊಯಮತ್ತೂರಲ್ಲಿ ನಮಗೊಂದು ಹೊಸ ಫ್ಯಾಕ್ಟರಿ ಇದೆಯಂತಲ್ಲ, ಅಭಿನಂದನೆ ಹೇಳಿದ್ದೀರಿ. ಅಡ್ರೆಸ್ ಸ್ವಲ್ಪ ಕೊಡಿ, ಹೋಗಿ ನೋಡ್ಕೊಂಡು ಬರ್ತೀನಿ.’ ಅವರಿಗೆ ಇದ್ದದ್ದು ಒಂದೇ ಶೆಡ್. ಮಾಡೆಲ್ ಎರಡನೆಯದನ್ನು ಕಟ್ಟಿಕೊಟ್ಟಿತ್ತು. ಆ ಮೇಲ್‌ಗೆ ಒಂಬತ್ತೂವರೆ. ಕಾರಣ ಕೇಳಿದರೆ, ಗಿರಾಕಿಯ ಬಗ್ಗೆ ನಿರ್ದಿಷ್ಟವಾಗಿ ಬರೆದಿದೆ ಎಂದಿತ್ತು! ಅದು ಸುಳ್ಳೋ ನಿಜವೋ ಎಂದು ನಾನು ಕೇಳಿಯೇ ಇರಲಿಲ್ಲ.

ಟೂಲ್ ನಿಲ್ಲಿಸಿದೆ. ನೂರು ಮೇಲ್ ಆರಿಸಿ ಶೀಟ್‌ಗೆ ಹಾಕಿ ಇಬ್ಬರಿಗೆ ಕೊಟ್ಟೆ. ಒಬ್ಬರು ಹನ್ನೆರಡು ವರ್ಷದಿಂದ ಕಾರ್ಖಾನೆ ಕಾರ್ಖಾನೆ ಸುತ್ತಿದ ಹಿರಿಯರು, ಇನ್ನೊಬ್ಬಳು ‘ಹಾಯ್ ಕೆ’ ಹಿಡಿದವಳು. ಬೇರೆ ಬೇರೆ ಕೂತು ಪ್ರತಿಯೊಂದಕ್ಕೂ ಕಳಿಸಬಹುದು ಅಥವಾ ಬೇಡ ಅಂತ ಬರೆಯಬೇಕು. ನೂರರಲ್ಲಿ 84ಕ್ಕೆ ಇಬ್ಬರ ಉತ್ತರವೂ ಒಂದೇ. ನನಗೆ ಖುಷಿಯೋ ಖುಷಿ.

ಖುಷಿ ಸಂಜೆವರೆಗೂ ಉಳಿಯಲಿಲ್ಲ. ಇಬ್ಬರೂ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಸಲ ‘ಕಳಿಸಬಹುದು’ ಎಂದಿದ್ದರು. ಮೇಲ್ ಓದದೆ, ಕಣ್ಣು ಮುಚ್ಚಿಕೊಂಡು ಅದೇ ಲೆಕ್ಕದಲ್ಲಿ ಟಿಕ್ ಹಾಕಿದ್ದರೂ 81 ಸಲ ಇಬ್ಬರದೂ ‘ಹೌದು’, ಒಂದು ಸಲ ಇಬ್ಬರದೂ ‘ಬೇಡ’. ಒಟ್ಟು 82 ಹೊಂದುತ್ತಿತ್ತು. ನನ್ನ 84ರಲ್ಲಿ ಅದೃಷ್ಟವನ್ನು ಮೀರಿದ್ದು ಎರಡು ಮಾತ್ರ ಅಂದಂಗಾಯ್ತು. ಹೀಗೆ ಅದೃಷ್ಟದ ಪಾಲನ್ನು ಕಳೆದು ಲೆಕ್ಕ ಹಾಕುವ ಸೂತ್ರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲೇ ಕೊಟ್ಟಿದ್ದಾರೆ, ಕಪ್ಪಾ ಅಂತ ಕರೆಯುತ್ತಾರೆ. ಪೂರ್ತಿ ಒಪ್ಪಿದರೆ 1, ಬರೀ ಅದೃಷ್ಟವಾದರೆ 0. ಅದೃಷ್ಟದ 82 ಬಿಟ್ಟರೆ ಉಳಿದ 18ರಲ್ಲಿ ನಮ್ಮದು 2, ಅಂದರೆ 0.11. ಮನುಷ್ಯರೇ ಒಪ್ಪದಿದ್ದಾಗ ಯಂತ್ರ ಯಾರ ಹಾಗೆ ಯೋಚಿಸಬೇಕು?

ಇಬ್ಬರನ್ನೂ ಟೀ ಕೊಟ್ಟು ಕೂರಿಸಿದೆ. ಉತ್ತರ ಬೇರೆಯಾದ 16 ಮೇಲ್‌ಗಳನ್ನು ಒಂದೊಂದಾಗಿ ಓದಿದೆವು. ಹಿರಿಯರು ಮೊದಲು ನೋಡುತ್ತಿದ್ದದ್ದು ಮರ್ಯಾದೆ, ಹೇಗೆ ಕರೆದಿದೆ ಅನ್ನುವುದು. ಅವಳು ನೋಡುತ್ತಿದ್ದದ್ದು ಕೊನೆಯ ಸಾಲು, ಏನು ಕೇಳಿದೆ ಅನ್ನುವುದು. ಇಬ್ಬರದೂ ಸರಿಯೇ. ‘ಚೆನ್ನಾಗಿದೆಯಾ’ ಅನ್ನುವ ನನ್ನ ಪ್ರಶ್ನೆಯೇ ತಪ್ಪು.

ಆಮೇಲೆ ಅಂಕ ಬಿಟ್ಟು ಹೌದು–ಇಲ್ಲ ಪ್ರಶ್ನೆಗಳಿಗೆ ಇಳಿದೆ. ಗಿರಾಕಿಯ ಬಗ್ಗೆ ಹೇಳಿದ ಪ್ರತಿ ಮಾತೂ ನಾವು ಕೊಟ್ಟ ಮಾಹಿತಿಯಲ್ಲಿದೆಯಾ? ಇದ್ದರೆ ಆ ಸಾಲನ್ನು ಹಾಗೇ ಎತ್ತಿ ತೋರಿಸಬೇಕು, ತೋರಿಸಲಾಗದಿದ್ದರೆ ಫೇಲ್. ಎತ್ತಿದ ಸಾಲು ಮೂಲದಲ್ಲಿ ನಿಜವಾಗಿ ಇದೆಯಾ ಅಂತ ಕೋಡ್ ಇನ್ನೊಮ್ಮೆ ಹುಡುಕುತ್ತದೆ, ಯಾಕಂದ್ರೆ ಸಾಕ್ಷಿಯನ್ನೂ ಮಾಡೆಲ್ ಸೃಷ್ಟಿಸಬಹುದು. ಹೆಸರು ಬದಲಿಸಿ ಪಕ್ಕದ ಶೆಡ್‌ನವರಿಗೂ ಇದನ್ನೇ ಕಳಿಸಬಹುದಾ? ಕಳಿಸಬಹುದು ಅಂದರೆ ಫೇಲ್. ಇದಕ್ಕೆ ನಮ್ಮಲ್ಲಿ ‘ಪಕ್ಕದ ಶೆಡ್ ಪ್ರಶ್ನೆ’ ಅಂತಲೇ ಹೆಸರು, ಅತಿ ಜಾಸ್ತಿ ಮೇಲ್ ಬೀಳುವುದೂ ಇಲ್ಲೇ. ಕೇಳಿದ್ದು ಒಂದೇ ವಿಷಯವಾ, ಅಥವಾ ಡೆಮೊ, ಫೋನ್ ನಂಬರ್, ಮೀಟಿಂಗ್ ಎಲ್ಲಾ ಒಟ್ಟಿಗಾ? ಪದ ಎಣಿಸುವುದಕ್ಕೆ, ಇನಿಷಿಯಲ್ ಹಿಡಿಯುವುದಕ್ಕೆ ಎಐ ಬೇಡ, ನಾಲ್ಕು ಸಾಲು ಪೈಥಾನ್ ಕೋಡ್ ಸಾಕು.

ಬರೆಯುವ ಮಾಡೆಲ್ ಒಂದು, ನೋಡುವ ಮಾಡೆಲ್ ಇನ್ನೊಂದು ಕಂಪನಿಯದು. ತನ್ನ ಬರಹವೇ ತನಗೆ ಇಷ್ಟವಾಗುವ ಚಾಳಿ ಇವುಗಳಿಗಿದೆ. ಉದ್ದದ ಬರಹಕ್ಕೂ ಒಲಿಯುತ್ತವೆ. ಎರಡು ಮೇಲ್ ಕೊಟ್ಟು ಯಾವುದು ಮೇಲು ಅಂತ ಕೇಳಿದಾಗ, ಜಾಗ ಅದಲುಬದಲು ಮಾಡಿದರೆ ತೀರ್ಪು ಬದಲಾಗುವುದೂ ಉಂಟು. ಹಾಗಾಗಿ ಎರಡೂ ಕ್ರಮದಲ್ಲಿ ಕೇಳುತ್ತೇನೆ. ಉತ್ತರ ಬದಲಾದರೆ ಸಮ ಅಂತ ಬರೆದುಕೊಳ್ಳುತ್ತೇನೆ.

ಗಿರಾಕಿಯ ಉತ್ತರವನ್ನೇ ನೋಡಬಹುದಲ್ಲ, ಇಷ್ಟೆಲ್ಲ ಯಾಕೆ ಅಂತ ನಮ್ಮ ಮ್ಯಾನೇಜರ್ ಕೇಳಿದರು. ನೋಡಿದೆ. ಮೇಲ್ ತೆರೆದರೋ ಇಲ್ಲವೋ ಎನ್ನುವ ಲೆಕ್ಕವನ್ನು ನಂಬುವ ಹಾಗಿಲ್ಲ. ಮೇಲ್‌ನೊಳಗೆ ಇಟ್ಟ ಒಂದು ಸಣ್ಣ ಚಿತ್ರ ಲೋಡ್ ಆದರೆ ತೆರೆದರು ಅಂತ ಲೆಕ್ಕ. 2021ರಿಂದ ಆಪಲ್‌ನ ಮೇಲ್ ಆಪ್, ಖಾಸಗಿತನದ ರಕ್ಷಣೆ ಆನ್ ಇದ್ದವರಿಗೆ, ಚಿತ್ರಗಳನ್ನು ತಾನೇ ಮೊದಲು ತಂದಿಟ್ಟುಕೊಳ್ಳುತ್ತದೆ. ಯಾರೂ ಓದದಿದ್ದರೂ ತೆರೆದ ಹಾಗೆ ಕಾಣುತ್ತದೆ. ಉತ್ತರಗಳು ತೀರಾ ಕಡಿಮೆ, ಅದರಲ್ಲಿ ‘ಇನ್ಮೇಲೆ ಕಳಿಸಬೇಡಿ’ ಅನ್ನುವುದೂ ಒಂದು ಉತ್ತರವೇ. ಅಷ್ಟರಲ್ಲಿ ಜನ ಸ್ಪ್ಯಾಮ್ ಒತ್ತುತ್ತಾರೆ. ದಿನಕ್ಕೆ 5,000 ದಾಟಿ ಕಳಿಸುವವರಿಗೆ ಸ್ಪ್ಯಾಮ್ ದೂರು 0.3% ಮುಟ್ಟಬಾರದು ಅಂತ ಜಿಮೇಲ್ 2024ರ ಫೆಬ್ರವರಿಯಲ್ಲಿ ಬಿಗಿ ಮಾಡಿತು. ನಾವು ಅಷ್ಟು ಕಳಿಸುವುದಿಲ್ಲ, ನಿಜ. ಆದರೆ ನಮ್ಮ ಡೊಮೇನ್‌ನ, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಭಾಗದ, ಹೆಸರು ಕೆಟ್ಟರೆ ನಾಳೆ ಇನ್‌ವಾಯ್ಸ್ ಕೂಡ ಸ್ಪ್ಯಾಮ್‌ಗೆ ಹೋಗುತ್ತದೆ.

ಈಗ ಟೂಲ್ ಅಂಕವನ್ನೇ ತೋರಿಸುವುದಿಲ್ಲ. ಬಿದ್ದ ಸಾಲಿಗೆ ಹಳದಿ ಬಣ್ಣ, ಪಕ್ಕದಲ್ಲಿ ಕಾರಣ. ಅಂಕ ಇದ್ದಾಗ ಒಂದು ಪದ ಆಚೀಚೆ ಮಾಡಿ ಏಳನ್ನು ಎಂಟು ಮಾಡುವುದೇ ಎಲ್ಲರಿಗೂ ಕೆಲಸವಾಗಿತ್ತು. ದಿನದ ಇನ್ನೂರು ಮೇಲ್ ನಲವತ್ತಕ್ಕೆ ಇಳಿದಿದೆ. ಮ್ಯಾನೇಜರ್‌ಗೆ ಅದರಲ್ಲಿ ಇನ್ನೂ ಸ್ವಲ್ಪ ಬೇಜಾರಿದೆ.

ಬಗೆಹರಿಯದೆ ಉಳಿದಿರುವುದು ಕನ್ನಡ. ಪೀಣ್ಯದ ಕೆಲವರಿಗೆ ಕನ್ನಡದಲ್ಲೇ ಬರೆದರೆ ಮಾತು ಮುಂದುವರಿಯುತ್ತದೆ. ಆದರೆ ಮಾಡೆಲ್ ಬರೆಯುವುದು ‘ತಮ್ಮ ಪ್ರತಿಷ್ಠಿತ ಸಂಸ್ಥೆಯ ಉತ್ಪಾದಕತೆಯನ್ನು ವೃದ್ಧಿಸಲು’ ಅಂತ. ನೋಡುವ ಮಾಡೆಲ್‌ಗೂ ಅದೇ ಇಷ್ಟ, ಹೌದು ಹೌದು ಅನ್ನುತ್ತದೆ. ಹಿರಿಯರು ಬರೆಯುವುದು ‘ಸಾರ್, ನಿಮ್ಮ ಎರಡನೇ ಲೇತ್ ಪದೇ ಪದೇ ನಿಲ್ತಿದೆ ಅಂದಿದ್ರಲ್ಲ’ ಅಂತ. ಅದಕ್ಕೆ ನನ್ನ ಟೂಲ್ ಭಾಷೆ ಸರಿಯಿಲ್ಲ ಅಂತ ಹಳದಿ ಬಳಿಯಿತು. ಸದ್ಯಕ್ಕೆ ಕನ್ನಡದವನ್ನು ಟೂಲ್‌ಗೆ ಹಾಕುತ್ತಿಲ್ಲ. ಅವರೇ ಕೂತು ಬರೆಯುತ್ತಾರೆ, ದಿನಕ್ಕೆ ನಾಲ್ಕೋ ಐದೋ.