ಕಾಂಡೋಮ್ ಮಾತು ಎತ್ತೋದು ಹೇಗೆ: ಅವಳಿಗೊಂದು ಥರ, ಅವನಿಗೊಂದು ಥರ

ನಾನು ಹಾಸನದ ಕಡೆ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಮೊದಮೊದಲು ನಿರೋಧ್ ಪೊಟ್ಟಣವನ್ನ ಹೆಂಗಸರ ಕೈಗಿಟ್ಟು, "ನಿಮ್ಮ ಯಜಮಾನ್ರಿಗೆ ಹೇಳಮ್ಮ" ಅಂದು ಬಂದುಬಿಡ್ತಿದ್ದೆ. ಮುಂದಿನ ತಿಂಗಳು ಒಬ್ಬಳು ಅದನ್ನ ಬೇಳೆ ಡಬ್ಬಿಯೊಳಗಿಂದ ತೆಗೆದು ತೋರಿಸಿದಳು. ಗಂಡನಿಗೆ ಹೇಳೇ ಇರಲಿಲ್ಲ.

ಹೆಂಗಸರಿಗೆ ಬೇಡ ಅಂತಲ್ಲ. ಮಗು ಇನ್ನೂ ಮೊಲೆ ಬಿಟ್ಟಿಲ್ಲ, ಮುಟ್ಟು ತಪ್ಪಿದರೆ ಏನು ಗತಿ ಅನ್ನೋ ದಿಗಿಲು ಅವರದೇ. ಕೇಳೋಕೆ ಬಾಯಿ ಬರಲ್ಲ. "ನಾನಾಗಿ ಕೇಳಿದ್ರೆ, ಇವಳಿಗೆ ಇದೆಲ್ಲ ಯಾರು ಹೇಳಿಕೊಟ್ರು ಅಂತಾರೆ ಅಕ್ಕ." ಗಂಡಸರ ರಾಗವೇ ಬೇರೆ: ಬಿಗಿಯಾಗುತ್ತೆ, ಸುಖ ಇಲ್ಲ, ಅದೆಲ್ಲ ಹೊರಗೆ ಹೋಗೋರಿಗೆ, ಮನೆ ಹೆಂಡ್ತಿಗೆ ಯಾಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 35 ಗಂಡಸರು, ಗರ್ಭ ತಡೆಯೋದು ಹೆಂಗಸರ ಕೆಲಸ ಅಂದಿದ್ದರು. ಅದೇ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡೋರು. ಕಾಂಡೋಮ್ ನಂಬಿಕೊಂಡಿರೋರು ಹತ್ತೂ ಇಲ್ಲ.

ಹೆಣ್ಣುಮಕ್ಕಳೇ, ರಾತ್ರಿ ದೀಪ ಆರಿಸಿದ ಮೇಲೆ ಈ ಮಾತು ಎತ್ತಬೇಡಿ. ಹಗಲಲ್ಲಿ, ಅತ್ತೆ ಹೊಲಕ್ಕೆ ಹೋದಾಗ ಹೇಳಿ. ರೋಗದಿಂದ ಶುರು ಮಾಡಿದರೆ "ನನ್ನ ಮೇಲೆ ಅನುಮಾನವಾ" ಅಂತ ಅಲ್ಲೇ ಜಗಳ. "ರೀ, ಪುಟ್ಟನಿಗೆ ಮೂರು ತುಂಬೋವರೆಗೂ ಇನ್ನೊಂದು ಬೇಡ, ಆಶಾ ಅಕ್ಕ ಇದನ್ನ ಕೊಟ್ಟವ್ರೆ" ಅಂತ ನನ್ನ ತಲೆಗೆ ಕಟ್ಟಿ. ಬೈಗುಳ ನನಗೇ ಬರಲಿ, ಅಭ್ಯಾಸ ಇದೆ. ಗಂಡ ನಿಜವಾಗಲೂ ಹೊರಗೆ ಹೋಗ್ತಾನೆ ಅಂತ ಗೊತ್ತಿದ್ದರೆ ಮಾತ್ರ ಒಬ್ಬಳೇ ನನ್ನ ಹತ್ತಿರ ಬಾ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ, ಅಂದ್ರೆ ಎಚ್‌ಐವಿ ಸಲಹೆ-ಪರೀಕ್ಷೆ ಕೇಂದ್ರದಲ್ಲಿ ರಕ್ತಪರೀಕ್ಷೆಗೆ ಕಾಸಿಲ್ಲ.

ಗಂಡಸರಿಗೆ ಉಪದೇಶ ನಾಟಲ್ಲ, ಕಣ್ಣಿಗೆ ತೋರಿಸಬೇಕು. ಅದಕ್ಕೆ ಗಂಡಸೇ ಆಗಬೇಕು. "ಬಿಗಿ" ಅಂದವನ ಎದುರು ನಮ್ಮ ಹೆಲ್ತ್ ಇನ್‌ಸ್ಪೆಕ್ಟರು ಒಂದನ್ನ ಬಿಚ್ಚಿ, ಐದೂ ಬೆರಳು ಜೋಡಿಸಿ, ಮಣಿಕಟ್ಟು ದಾಟಿಸಿ ಎಳೆದುಕೊಂಡರು. ಡೈರಿ ಕಟ್ಟೆ ಮೇಲೆ ಕೂತಿದ್ದವರೆಲ್ಲ ನಕ್ಕರು. ನಗು ನಿಂತ ಮೇಲೆ ಪ್ರಶ್ನೆ ಶುರುವಾಯ್ತು. ಆಗಲೇ ಹೇಳಿಬಿಡಬೇಕು: ಹಲ್ಲಲ್ಲಿ ಹರಿಯಬೇಡಿ, ಸುರುಳಿ ಹೊರಗಿರಲಿ, ತುದಿ ಚಿವುಟಿ ಗಾಳಿ ತೆಗೆದು ಬುಡದವರೆಗೆ ಬಿಡಿಸಿ, ಮುಗಿದ ತಕ್ಷಣ, ಸಡಿಲ ಆಗೋ ಮುಂಚೆ, ಬುಡ ಹಿಡಿದು ಹೊರಗೆ ತೆಗೆಯಿರಿ. ಒಂದನ್ನ ಒಂದೇ ಸಲ. ಕೊಬ್ಬರಿ ಎಣ್ಣೆ ಸವರಿದರೆ ರಬ್ಬರ್ ಸೊರಗಿ ಹರಿಯುತ್ತೆ (ನಮ್ಮಲ್ಲಿ ಎಲ್ಲಕ್ಕೂ ಕೊಬ್ಬರಿ ಎಣ್ಣೆ ತಾನೇ). ಒಲೆ ಪಕ್ಕದ ಡಬ್ಬಿ, ಪ್ಯಾಂಟಿನ ಹಿಂದಿನ ಜೇಬು ಎರಡೂ ಬೇಡ. ಬೀರುವಿನಲ್ಲಿ ಸೀರೆ ಮಡಿಕೆ ನಡುವೆ ಇಡಿ.

ಹರಿದುಹೋದರೆ 72 ಗಂಟೆಯೊಳಗೆ ತುರ್ತು ಮಾತ್ರೆ, ಬೇಗ ನುಂಗಿದಷ್ಟೂ ಒಳ್ಳೆಯದು. ನಾಳೆ ನೋಡೋಣ ಅನ್ನಬೇಡಿ.

ಬೇಳೆ ಡಬ್ಬಿಯವಳ ಗಂಡ ಈಗ ತಾನಾಗೇ ನಮ್ಮನೆ ಹತ್ತಿರ ಬರ್ತಾನೆ. ಬಾಯಿಬಿಟ್ಟು ಕೇಳಲ್ಲ, ನಮ್ಮ ಯಜಮಾನ್ರ ಹತ್ತಿರ ಜೋಳದ ರೇಟು ಮಾತಾಡ್ತಾ ನಿಲ್ತಾನೆ. ನಾನು ಪೇಪರಲ್ಲಿ ಸುತ್ತಿ ಜಗಲಿ ಮೇಲೆ ಇಟ್ಟು ಒಳಗೆ ಹೋಗ್ತೀನಿ.