ಗುಳಿಗೆ ಬಿಡಲು ನನಗೆ ಒಂಬತ್ತು ತಿಂಗಳು ಬೇಕಾಯಿತು

ಅಪ್ಪ ತೀರಿಕೊಂಡಾಗ ನಿದ್ದೆಗೆಂದು ಶುರುವಾದ ಗುಳಿಗೆ ಅದು. ಅಲ್ಪ್ರಾಜೊಲಾಮ್, 0.5 ಮಿಲಿಗ್ರಾಂ. ಕೆಲವೇ ದಿನಕ್ಕೆಂದು ಬರೆದುಕೊಟ್ಟಿದ್ದನ್ನು ನಾಲ್ಕು ವರ್ಷ ನುಂಗಿದೆ. ಒಂದು ದಿನ ಸಾಕೆನಿಸಿತು. ಯಾರನ್ನೂ ಕೇಳದೆ ಬಿಟ್ಟುಬಿಟ್ಟೆ.

ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೇ ದಿನ ಮಗ್ಗದ ಸದ್ದು ತಡೆಯಲಾಗಲಿಲ್ಲ. ಬೆಟಗೇರಿಯಲ್ಲಿ ಹುಟ್ಟಿದವನು ನಾನು, ತೊಟ್ಟಿಲಲ್ಲಿದ್ದಾಗಿಂದ ಆ ಸದ್ದಿನಲ್ಲೇ ಮಲಗಿದವನು. ಅವತ್ತು ಪಕ್ಕದ ಮನೆಯ ಲಾಳಿ ಓಡಿದಾಗಲೆಲ್ಲ ಎದೆಗೇ ಬಡಿದ ಹಾಗಾಗುತ್ತಿತ್ತು. ಕೈ ನಡುಗಿ ಚಹಾ ಬಸಿಗೆ ಚೆಲ್ಲಿತು. ಅಂಗಿ ಬೆವರಿಗೆ ತೊಯ್ದಿತ್ತು. ನಿದ್ದೆಗೆಟ್ಟ ಹಳೇ ಕಾಯಿಲೆ ತಿರುಗಿ ಬಂತು ಅಂದುಕೊಂಡೆ. ಅವ್ವ ಸುಮ್ನೆ ಕೂರಲಿಲ್ಲ, ಧಾರವಾಡಕ್ಕೆ ಕರೆದೊಯ್ದಳು.

ಡಾಕ್ಟರ್ ಮೊದಲು ಕೇಳಿದ್ದು, "ಫಿಟ್ಸ್ ಏನರ ಬಂದಿದ್ವೇನ್ರಿ?" ಇಲ್ಲ ಅಂದೆ. "ಪುಣ್ಯಾ ಮಾಡೀರಿ. ಒಮ್ಮಿಗ್ಲೇ ಬಿಟ್ರ ಜೀವಕ್ಕ ಕುತ್ತು ಬರಬಹುದ್ರಿ." ನರಗಳ ಆರ್ಭಟ ತಗ್ಗಿಸಲು ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆಯಂತೆ. ಗುಳಿಗೆ ಅದಕ್ಕೆ ಬಲ ಕೊಡುತ್ತದೆ. ವರ್ಷಗಟ್ಟಲೆ ತಗೊಂಡರೆ ಮಿದುಳು ಆ ಬಲಕ್ಕೇ ಒಗ್ಗಿಹೋಗುತ್ತದೆ. ಹಠಾತ್ತನೆ ಕಿತ್ತರೆ ನರಗಳು ಕೆರಳುತ್ತವೆ. ನನಗೆ ಆಗಿದ್ದು ಅದೇ.

ಅಲ್ಪ್ರಾಜೊಲಾಮ್ ಬೇಗ ಮೈಯಿಂದ ಇಳಿದುಹೋಗುತ್ತದೆ. ಅದಕ್ಕೇ ಅದರ ಬದಲು ದಿನಗಟ್ಟಲೆ ಉಳಿಯುವ ಡಯಾಜೆಪಾಮ್, 10 ಮಿಲಿಗ್ರಾಂ ಬರೆದರು. ಮೂರು ವಾರಕ್ಕೊಮ್ಮೆ 1 ಮಿಲಿಗ್ರಾಂ ಕಡಿಮೆ. ಇದು ನನ್ನ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರೇ ಹಾಕಬೇಕು.

2 ಮಿಲಿಗ್ರಾಂ ಗುಳಿಗೆಯನ್ನು ಹೊಸ ಬ್ಲೇಡಿನಿಂದ ಬಿಳಿ ಹಾಳೆಯ ಮೇಲೆ ಕತ್ತರಿಸುತ್ತಿದ್ದೆ, ಪುಡಿ ಉದುರಿದರೆ ಕಾಣಲಿ ಎಂದು. ಗುಳಿಗೆ ಪಟ್ಟಿಗಳೆಲ್ಲ ಅವ್ವನ ಟ್ರಂಕಿನಲ್ಲಿ ಇರುತ್ತಿದ್ದವು. ಕ್ಯಾಲೆಂಡರಿನಲ್ಲಿ ದಿನಾ ಎಷ್ಟು ತಗೊಂಡೆ, ಎಷ್ಟು ತಾಸು ಮಲಗಿದೆ ಎಂದು ಬರೆಯುತ್ತಿದ್ದೆ. ಒಂದು ತಿಂಗಳು ತೀರಾ ಕಷ್ಟವಾದಾಗ ಇದ್ದಲ್ಲೇ ನಿಂತೆವು. ಮೇಲಕ್ಕೆ ಮಾತ್ರ ಹೋಗಲಿಲ್ಲ.

ಕೊನೆಯ ಹಂತವೇ ಜಾಸ್ತಿ ಬಿಗಿ. ಹತ್ತರಿಂದ ಒಂಬತ್ತಕ್ಕೆ ಇಳಿದರೆ ಹತ್ತರಲ್ಲಿ ಒಂದು ಪಾಲು ಹೋಯಿತು. ಎರಡರಿಂದ ಒಂದಕ್ಕೆ ಇಳಿದರೆ ಅರ್ಧಕ್ಕರ್ಧ ಹೋಗುತ್ತದೆ, ಅಲ್ವಾ? ಅದಕ್ಕೇ ಎರಡರ ಕೆಳಗೆ ಅರ್ಧರ್ಧ ಮಿಲಿಗ್ರಾಂ ಮಾತ್ರ ಇಳಿಸಿದೆವು. ಪೂರ್ತಿ ಬಿಟ್ಟ ಮೇಲೂ ಎರಡು ತಿಂಗಳು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಆಮೇಲೆ ನಿಂತಿತು.

ನೀವು ಈಗಾಗಲೇ ಬಿಟ್ಟು ನಡುಗುತ್ತಾ ಕೂತಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಲು ಮನೆಯವರಿಗೆ ಹೇಳಿಡಿ. ಯಾರಿಗೆ ಹೇಳಬೇಕೆಂದೇ ತಿಳಿಯದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.